ಪ್ಲಾಸ್ಟರ್ ಕಾಲಿನ ಸೇನಾಪತಿ

ಕೆಲವರು ನಗೆಪಾಟಲಾಗಬೇಕಾದರೆ ಹೊರಗೆ ಹೋಗಬೇಕಾಗುತ್ತದೆ. ನನಗೆ ಆ ತೊಂದರೆ ಇಲ್ಲ, ಅದು ಮನೆ ಹುಡುಕಿಕೊಂಡು ಬರುತ್ತದೆ.

ಗಂಗಾವತಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಯಾವ ರಾಜ ಎಲ್ಲಿ ತಪ್ಪಿದ, ಯಾವ ಸೇನಾಪತಿ ಎಲ್ಲಿ ಎಡವಿದ ಎಂದು ಫ್ಯಾನಿನ ಕೆಳಗೆ ನಿಂತು ಹೇಳುವುದರಲ್ಲಿ ನನಗೆ ಸರಿಸಾಟಿ ಇಲ್ಲ. ಕಳೆದ ವರ್ಷ ಹೀಗೇ ಒಬ್ಬ ಸೇನಾಪತಿ ಎಡವಿದ್ದನ್ನು ಸಹೋದ್ಯೋಗಿಗೆ ವಿವರಿಸುತ್ತಾ ಕಾಲೇಜಿನ ಮೆಟ್ಟಿಲು ಇಳಿಯುವಾಗ ನಾನೇ ಎಡವಿದೆ. ಬಲಗಾಲಿಗೆ ಪ್ಲಾಸ್ಟರು, ಆರು ವಾರ ವಿಶ್ರಾಂತಿ.

ನನ್ನನ್ನು ನೋಡಲು ಕೊಪ್ಪಳದಿಂದ ಬಂದ ಹೆಂಡತಿಯ ತಮ್ಮ, ಹಣ್ಣಿನ ಬದಲು ಟಿವಿಗೆ ಜೋಡಿಸುವ ಗೇಮಿನ ಡಬ್ಬಿ ತಂದಿದ್ದ.

"ಮಾಮಾ, ಇದು ಯುದ್ಧದ ಆಟ, ನಿಮ್ದ ಸಬ್ಜೆಕ್ಟು. ಇದರಾಗ ಓಡಾಡೂದು, ಗಡಿಬಿಡಿ ಏನೂ ಇಲ್ಲ. ಒಮ್ಮೆ ನೀವು ನಡಸ್ರಿ, ಒಮ್ಮೆ ವೈರಿ ನಡಸ್ತಾನ. ಚದುರಂಗ ಇದ್ದಂಗ."

"ಇಷ್ಟ ಏನು?" ಎಂದೆ. ಆ ಎರಡು ಶಬ್ದ ಆಡಬಾರದಿತ್ತು.

ವೈರಿ ಗಡಗಡ ನಡುಗಿದ್ದು

ಮೊದಲ ಯುದ್ಧ. ಪರದೆಯ ಆ ಕಡೆ ವೈರಿಯ ಕುದುರೆಗಳು, ಈ ಕಡೆ ನನ್ನ ಕಾಲಾಳುಗಳು. ಒಬ್ಬ ಬಿಲ್ಲುಗಾರನನ್ನು ಒಂದು ಮನೆ ಮುಂದೆ ನಡೆಸಿ, ಗತ್ತಿನಿಂದ ದಿಂಬಿಗೆ ಒರಗಿದೆ. ಇನ್ನು ಅವನ ಸರದಿ.

ಹತ್ತು ನಿಮಿಷ ಕಾದೆ. ವೈರಿ ಅಲುಗಲಿಲ್ಲ. ಚಹಾ ಬಂತು, ಕುಡಿದೆ. ಅವನು ಅಲುಗಲಿಲ್ಲ. ಮುಕ್ಕಾಲು ಗಂಟೆಯಾಯಿತು. ಹೊಲಿಗೆ ಯಂತ್ರದ ಮುಂದೆ ಕುಂತಿದ್ದ ಹೆಂಡತಿಯನ್ನು ಕರೆದೆ.

"ನೋಡಿಲ್ಲಿ. ನನ್ನ ವ್ಯೂಹ ನೋಡಿ ಅಂವ ಹೆದರ್ಯಾನ. ಇದಕ್ಕ ಇತಿಹಾಸದಾಗ ಮಾನಸಿಕ ಯುದ್ಧ ಅಂತಾರ."

ಆಕೆ ಸೂಜಿ ಹಿಡಿದುಕೊಂಡೇ ಬಂದು ಕನ್ನಡಕ ಸರಿಮಾಡಿ ಪರದೆಯ ಮೂಲೆ ಓದಿದಳು. "ಸರದಿ ಮುಗಿದಿದ್ರ ಈ ಗುಂಡಿ ಒತ್ರಿ ಅಂತ ಬರದಾರ. ನೀವು ಒತ್ತೇ ಇಲ್ಲ. ಅಂವ ಪಾಪ ನಿಮ್ಮ ದಾರಿ ಕಾಯಾಕತ್ತಾನ್ರಿ."

ಗುಂಡಿ ಒತ್ತಿದೆ. ಮುಕ್ಕಾಲು ಗಂಟೆ ಹೆದರಿದ್ದವನು ಎರಡೇ ನಿಮಿಷದಲ್ಲಿ ನನ್ನ ಸೈನ್ಯ ಮುಗಿಸಿದ.

ಸೋಲಿಗೆ ಕಾರಣಗಳು

ಎರಡನೆಯ ವಾರ ನನ್ನ ಪಾಂಡಿತ್ಯವನ್ನೆಲ್ಲ ಬಳಸಿದೆ. ರಾಜ ಮುಂದೆ ನಿಂತರೆ ಸೈನ್ಯಕ್ಕೆ ಹುರುಪು ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ರಾಜನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದೆ. ಎರಡನೇ ಸರದಿಗೇ ಸತ್ತ. ಕೊಪ್ಪಳಕ್ಕೆ ಫೋನು ಮಾಡಿದೆ.

"ಮಾಮಾ, ರಾಜನ್ನ ಹಿಂದ ಇಡ್ರಿ."

ಹಿಂದೆ ಅಂದರೆ ಪೂರ್ತಿ ಹಿಂದೆ, ಕಾಡಿನ ಮೂಲೆಯಲ್ಲಿ ಒಬ್ಬನನ್ನೇ ಬಿಟ್ಟೆ. ಅಲ್ಲಿದ್ದ ಕಳ್ಳರು ಅವನನ್ನು ಹಿಡಿದುಕೊಂಡು ಹೋದರು. ಮತ್ತೆ ಫೋನು.

"ನಡು ಇಡ್ರಿ ಮಾಮಾ! ನಡು! ಮತ್ತ ಯುದ್ಧಕ್ಕ ಮೊದಲ ಆಟ ಸೇವ್ ಮಾಡ್ರಿ, ಸೋತ್ರ ಅಲ್ಲಿಂದನ ಮತ್ತ ಆಡಬಹುದು."

ನಡುವೆ ಇಟ್ಟೆ. ಸುತ್ತ ಆನೆಗಳನ್ನು ಎಷ್ಟು ಒತ್ತಾಗಿ ನಿಲ್ಲಿಸಿದೆನೆಂದರೆ, ಅವನು ಹೊರಗೆ ಬರಲೂ ಜಾಗವಿರಲಿಲ್ಲ. ಶತ್ರು ದೂರದಿಂದ ಬೆಂಕಿ ಬಾಣ ಬಿಟ್ಟ. ಆನೆಗಳು ಬೆದರಿದವು. ಮುಂದಿನದನ್ನು ಹೇಳಲಾರೆ, ಅದು ನಮ್ಮದೇ ಆನೆಗಳ ವಿಷಯ.

ಅದೇ ಹೊತ್ತಿಗೆ ನನ್ನ ವಿದ್ಯಾರ್ಥಿನಿಯರು ನಾಲ್ಕು ಮಂದಿ ಮೋಸಂಬಿ ಹಿಡಿದು ಒಳಗೆ ಬಂದರು. ಪರದೆಯ ತುಂಬ ಕೆಂಪಕ್ಷರದಲ್ಲಿ 'ನೀವು ಸೋತಿದ್ದೀರಿ'. ಅದರ ಕೆಳಗೆ ಸತ್ತವರ ಪಟ್ಟಿ. ರಿಮೋಟನ್ನು ಚಾದರದೊಳಗೆ ಮುಚ್ಚಿಟ್ಟೆ, ಪರದೆ ಮುಚ್ಚಲಾಗಲಿಲ್ಲ.

ಮುಂದಿನ ಬೆಂಚಿನಲ್ಲಿ ಕೂಡುವ ಹುಡುಗಿ ಭಾಳ ವಿನಯದಿಂದ ಕೇಳಿದಳು. "ಸರ್, ಸೋಲಿಗೆ ಕಾರಣಗಳು ಅಂದ್ರ ನೀವು ಯಾವಾಗಲೂ ಐದು ಪಾಯಿಂಟ್ ಬರಸ್ತೀರಲ್ರಿ. ಇದಕ್ಕ ಎಷ್ಟು ಬರಕೋಬೇಕ್ರಿ?"

ಬಾಗಿಲ ಹಿಂದಿನ ಆಜ್ಞೆ

ಮೂರನೆಯ ವಾರ ಯಲಬುರ್ಗಾದಿಂದ ನಮ್ಮ ಅತ್ತೆ ಬಂದರು. ಎಪ್ಪತ್ತು ದಾಟಿದವರು. ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಅವರಿಗಿಲ್ಲ. ಸೆರಗು ಹೊದ್ದು ಬಾಗಿಲ ಹಿಂದೆ ಕುಂತು, ಏನಿದ್ದರೂ ಮಗಳ ಮೂಲಕ ಹೇಳುತ್ತಾರೆ. ಒಂದು ದಿನ ಹಾಗೆ ಕುಂತಲ್ಲಿಂದಲೇ ನನ್ನ ಯುದ್ಧ ನೋಡಿದರು.

"ನಿನ್ನ ಗಂಡನ್ನ ಕೇಳು. ಅಷ್ಟು ಮಂದಿ ಆಳು, ಆನಿ ಇಟ್ಕೊಂಡಾರಲ್ಲ, ಅವಕ್ಕ ಉಣ್ಣಾಕ ಏನ್ ಹಾಕ್ಯಾರ?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಪರದೆ ನೋಡಿದೆ. ಉಗ್ರಾಣದಲ್ಲಿ ಸೊನ್ನೆ. ಮೂರು ಸರದಿಯಿಂದ ಸೈನಿಕರು ಹಸಿದು, ಒಬ್ಬೊಬ್ಬರಾಗಿ ವೈರಿಯ ಕಡೆ ನಡೆದಿದ್ದರು. ಅವರೆಲ್ಲ ಯಾಕೆ ಆ ಕಡೆ ಹೋಗುತ್ತಿದ್ದಾರೆಂದು ನಾನು ಗೂಢಚಾರರನ್ನು ಬೇರೆ ಕಳಿಸಿದ್ದೆ. ಕಿಟಕಿ ತೆರೆದರೆ ನಾಲ್ಕು ದಿಕ್ಕಿಗೂ ಅಕ್ಕಿ ಗಿರಣಿ ಕಾಣುವ ಊರಿನಲ್ಲಿ ಕುಂತು ನಾನು ಸೈನ್ಯವನ್ನು ಉಪವಾಸ ಕೆಡವಿದ್ದೆ.

"ಹೊಲ ಮಾಡ್ರಿ ಅಂತ ಹೇಳು," ಅಂದರು ಅತ್ತೆ. ಮಾಡಿದೆ. "ಬಾವಿ ತೋಡ್ರಿ ಅಂತ ಹೇಳು." ತೋಡಿದೆ. "ಇನ್ನೊಂದು ಹೊಲ." ಹೀಗೆ ಮೂರು ದಿನ ಬಾಗಿಲ ಹಿಂದಿನಿಂದ ರಾಜ್ಯಭಾರ ನಡೆಯಿತು. ಉಗ್ರಾಣ ಉಕ್ಕಿತು. ಆದರೆ ಸೈನಿಕರನ್ನು ಸೇರಿಸಲು ಅವರು ಬಿಡಲೇ ಇಲ್ಲ. ಅಷ್ಟರಲ್ಲಿ ವೈರಿ ದಂಡೆತ್ತಿ ಬಂದು ಕೋಟೆಯ ಬಾಗಿಲಿಗೆ ನಿಂತ. ನನ್ನ ಹತ್ತಿರ ಇದ್ದದ್ದು ಹದಿನಾಲ್ಕು ಹೊಲ, ಇಬ್ಬರು ಕಾವಲುಗಾರರು.

"ಈಗೇನ್ ಮಾಡ್ಲಿ ಅಂತ ಕೇಳು!" ಎಂದು ಕೂಗಿದೆ.

"ಅಷ್ಟು ದೂರದಿಂದ ನಡಕೊಂತ ಬಂದಾರ. ಹಸದಿರ್ತಾರ. ಮೊದಲ ಊಟಕ್ಕ ಹಾಕ್ರಿ ಅಂತ ಹೇಳು."

ಹುಡುಕಿದರೆ ಆಟದಲ್ಲಿ ನಿಜಕ್ಕೂ ಕಾಣಿಕೆ ಕೊಡುವ ಗುಂಡಿ ಇತ್ತು. ಅರ್ಧ ಉಗ್ರಾಣ ಕಳಿಸಿದೆ. ವೈರಿ ತೆಗೆದುಕೊಂಡ, ಸಂಧಿ ಮಾಡಿಕೊಂಡ, ದಂಡು ತಿರುಗಿಸಿದ. ನನ್ನ ಜೀವನದ ಮೊದಲ ಜಯ!

ಬಾಗಿಲ ಹಿಂದಿನಿಂದ ಕೊನೆಯ ಆಜ್ಞೆ ಬಂತು. "ಇಪ್ಪತ್ತೆರಡು ವರ್ಷದಿಂದ ಸಾಲ್ಯಾಗ ಏನ್ ಕಲಸ್ತಾರ ಅಂತ ಒಂದಿಷ್ಟು ಕೇಳು."

ಹೆಬ್ಬೆರಳು

ಆರು ವಾರ ಮುಗಿದು ಪ್ಲಾಸ್ಟರು ಬಿಚ್ಚಿಸಲು ಹೋದೆ. ಡಾಕ್ಟರು ಕಾಲು ಒತ್ತಿ ನೋಡಿದರು. "ಛಲೋ ಕೂಡೈತ್ರಿ." ಆಮೇಲೆ ನನ್ನ ಬಲಗೈ ಕಡೆ ನೋಡಿ, "ಈ ಹೆಬ್ಬೆರಳು ಯಾಕ ಇಷ್ಟು ಬಾತೈತಿ? ವಿಶ್ರಾಂತಿ ಮಾಡ್ರಿ ಅಂದಿದ್ನಲ್ಲ?"

"ಮಲಗೇ ಇದ್ದೆ ಸರ್," ಎಂದೆ. ಸುಳ್ಳಲ್ಲ.

ಕಾಲಿನ ಪಟ್ಟಿ ಬಿಚ್ಚಿಸಲು ಹೋದವನು ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದೆ.

ಕುಷ್ಟಗಿಯ ಭಾಷಣ

ಮರುವಾರವೇ ಕುಷ್ಟಗಿಯ ಒಂದು ಕಾಲೇಜಿನಲ್ಲಿ 'ಹಳೆಯ ಕಾಲದ ಯುದ್ಧತಂತ್ರ' ಎಂಬ ವಿಷಯದ ಮೇಲೆ ನನ್ನ ಉಪನ್ಯಾಸ. ಆರು ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದು. ಸಭಾಂಗಣ ತುಂಬಿತ್ತು. ಮೊದಲ ಸಾಲಿನ ನಡುವೆ ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರು ಬಿಳಿ ಟೋಪಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕುಂತಿದ್ದರು. ಜಿಲ್ಲೆಯಲ್ಲಿ ಇತಿಹಾಸ ಹೇಳುವವರೆಲ್ಲ ಹೆದರುವ ಮನುಷ್ಯ. ತಪ್ಪು ಕಂಡರೆ ಎದ್ದು ನಿಂತೇಬಿಡುತ್ತಾರೆ.

ಅರ್ಧ ಗಂಟೆ ಸೊಗಸಾಗಿ ಮಾತಾಡಿದೆ. ಆಮೇಲೆ ನಾಲಿಗೆ ತನ್ನ ಪಾಡಿಗೆ ತಾನು ಹೊರಟಿತು.

"ಕೋಟೆಗೆ ಮುತ್ತಿಗೆ ಹಾಕುವ ಮೊದಲು ಜಾಣ ರಾಜ ಏನು ಮಾಡುತ್ತಿದ್ದ? ಸೇವ್ ಮಾಡುತ್ತಿದ್ದ!"

ಬಿಳಿ ಟೋಪಿ ಎದ್ದು ನಿಂತಿತು. "ರಾಜ ಏನನ್ನ ಸೇವ್ ಮಾಡ್ತಿದ್ದ?"

ಬೆವರೊರೆಸಿಕೊಂಡೆ. "ನೀರು ಸರ್. ನೀರು, ಕಾಳುಕಡಿ."

ಅವರು ತಲೆಯಾಡಿಸಿ ಕುಂತರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಬದುಕಿಕೊಂಡೆ ಎಂಬ ಖುಷಿಯಲ್ಲಿ ಮುಂದುವರಿಸಿದೆ. "ಹಾಗೆ ಮಾಡಿಟ್ಟಿದ್ದರೆ, ಸೋತರೂ ಚಿಂತೆ ಇಲ್ಲ. ಹಿಂದಿನ ಜಾಗಕ್ಕೆ ಹೋಗಿ ಯುದ್ಧವನ್ನು ಮತ್ತೆ ಮೊದಲಿಂದ ಶುರು ಮಾಡಬಹುದಿತ್ತು."

ಟೋಪಿ ಮತ್ತೆ ಎದ್ದಿತು. "ಸತ್ತವರು?"

"ಅವರೂ ಎದ್ದು ಬರುತ್ತಿದ್ದರು," ಎಂದುಬಿಟ್ಟೆ.

ಹಿಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. ಪ್ರಾಚಾರ್ಯರು ಗಡಿಯಾರ ನೋಡಿಕೊಂಡು ವಂದನಾರ್ಪಣೆಗೆ ಸನ್ನೆ ಮಾಡಿದರು. ನಾನು ಶಾಲು, ಹಣ್ಣಿನ ಬುಟ್ಟಿ ಹಿಡಿದು ಹಿಂಬಾಗಿಲಿನಿಂದ ಜಾರುವಷ್ಟರಲ್ಲಿ ಬಿಳಿ ಟೋಪಿ ಅಲ್ಲೇ ನಿಂತಿತ್ತು. ಆಯಿತು, ಇಪ್ಪತ್ತೆರಡು ವರ್ಷದ ಮರ್ಯಾದೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವರು ನನ್ನ ತೋಳು ಹಿಡಿದು ಗೋಡೆಯ ಮರೆಗೆ ಎಳೆದರು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

"ಮೊಮ್ಮಗಳ ಡಬ್ಬಿಯೊಳಗ ನಾನೂ ಆ ಯುದ್ಧದ ಆಟ ಆಡ್ತೀನ್ರಿ. ಒಂದು ತಿಂಗಳಾತು, ಹೊಳಿ ಆಚಿ ಕೋಟಿ ಮುಂದ ಕುಂತೀನಿ. ನೀವು ಅದನ್ನ ಹೆಂಗ ದಾಟಿದ್ರಿ?"

ಹೊಳೆ ಆಚೆಗೆ ಕೋಟೆ ಇದೆ ಎಂಬುದೇ ನನಗೆ ಅವತ್ತು ಗೊತ್ತಾದದ್ದು. ಅಷ್ಟು ದೂರ ನಾನು ಹೋಗೇ ಇರಲಿಲ್ಲ. ಹಾಗಂತ ಹೇಳಲು ಬಾಯಿ ಬರಬೇಕಲ್ಲ?

ಶಾಲು ಸರಿಮಾಡಿಕೊಂಡು, "ಅದಕ್ಕ ಆಳವಾದ ಅಧ್ಯಯನ ಬೇಕ್ರಿ ಸರ್," ಎಂದೆ.

ಅವರು ನೋಟ್‌ಬುಕ್ ತೆರೆದು ಅದನ್ನೂ ಬರೆದುಕೊಂಡರು.