ಯಾರದೀ ದೌರ್ಬಲ್ಯ?

ಇಷ್ಟಕ್ಕೆಲ್ಲ ಕಾರಣ ರೋಲಿ ಮರುಭೂಮಿಯಲ್ಲಿ ಸಮುದ್ರಕ್ಕೆ ಹೆದರಿದ್ದು.

ಆರ್ವಿಲ್ ಟೆಸ್ಮರ್ ವರ್ಷಗಟ್ಟಲೆ ಕೂತು ಕಟ್ಟಿದ ಆಟ ಅದು. ಮೇಜಿನ ಸುತ್ತ ಕೂತವರಲ್ಲಿ ಒಬ್ಬ ವೀರನಾಗಬೇಕು, ಒಬ್ಬಳು ಮಾಟಗಾತಿಯಾಗಬೇಕು, ಹಾಗೇ ಮಾತಾಡುತ್ತ ದಾಳ ಉರುಳಿಸಬೇಕು. ತಮ್ಮ ಪಾತ್ರಕ್ಕೆ ಒಂದು ದೌರ್ಬಲ್ಯ ಒಪ್ಪಿಕೊಂಡವರಿಗೆ ಹೆಚ್ಚುವರಿ ಅಂಕ. ಕಥೆ ನಡೆಯುವುದು ಮರಳುಗಾಡಿನಲ್ಲಿ ಎಂದು ತಿಳಿದದ್ದೇ ತಡ, ಪಕ್ಕದ ಮನೆಯ ರೋಲಿ, "ನನ್ನ ವೀರನಿಗೆ ಸಮುದ್ರ ಕಂಡ್ರೆ ಭಯ" ಎಂದು ಅಂಕ ಬಾಚಿಕೊಂಡ. ಆರ್ವಿಲ್ ಕೆಲಸ ಮಾಡುವ ಹಾರ್ಡ್‌ವೇರ್ ಅಂಗಡಿಯ ಡಾರ್ಲಾ ತನ್ನ ಮಾಟಗಾತಿಗೆ ತಿಮಿಂಗಿಲದ ಭಯ ಅಂಟಿಸಿದಳು. ಕಟ್ಟಿಕೊಂಡ ಹೆಂಡತಿ ಮಾರ್ಲಿಸ್ ಕೂಡ ಹಿಮಗರಡಿಯ ಭಯ ಹೇಳಿ ಅಂಕ ಹೊಡೆದಳು.

ಆರ್ವಿಲ್‌ಗೆ ಮೈ ಉರಿದುಹೋಯಿತು. ಹೆಜ್ಜೆಹೆಜ್ಜೆಗೂ ಕಾಡುವಂಥ, ಮನುಷ್ಯರಿಗೆ ನಿಜವಾಗಿ ಇರುವಂಥ ದೌರ್ಬಲ್ಯಗಳನ್ನೇ ಹುಡುಕಿ ಹೊಸ ನಿಯಮ ಬರೆದ. ಆಟಗಳನ್ನು ಅಚ್ಚು ಹಾಕಿಸಿ ಮಾರುವ ಮಿಸೆಸ್ ಕ್ವಿಗ್ಲಿ ಶನಿವಾರ ಮಧ್ಯಾಹ್ನ ಮಿನಿಯಾಪೊಲಿಸ್‌ನಿಂದ ಬಂದು ಆಟ ನೋಡುವವಳಿದ್ದಳು. ಒಪ್ಪಿದರೆ ಪೆಟ್ಟಿಗೆಯ ಮೇಲೆ ಆರ್ವಿಲ್‌ನ ಹೆಸರು; ಇಲ್ಲದಿದ್ದರೆ ಸಾಯುವ ತನಕ ಮೊಳೆ ತೂಗುವುದು.

ಆಕೆ ಬರುವ ಮೊದಲೇ ಮೂವರನ್ನೂ ಕೂರಿಸಿ ಆರ್ವಿಲ್ ಓದಲು ಶುರುಮಾಡಿದ. "ಮೊದಲನೇ ದೌರ್ಬಲ್ಯ. ಇಸ್ಕೊಂಡ ಸಾಮಾನು ವಾಪಸ್ ಕೊಡದಿರೋದು."

ರೋಲಿ ಕಾಫಿ ಲೋಟ ಕೆಳಗಿಟ್ಟ.

ಆ ಊರಿನಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಿಲ್ಲ. ಆರ್ವಿಲ್‌ನ ಹಿಮ ತೆಗೆಯುವ ಯಂತ್ರ ಎರಡು ಚಳಿಗಾಲದಿಂದ ರೋಲಿಯ ಗ್ಯಾರೇಜಿನಲ್ಲಿದೆ. ಆರ್ವಿಲ್ ಒಮ್ಮೆಯೂ ಕೇಳಿದವನಲ್ಲ. ಸಲಿಕೆಯಲ್ಲಿ ಹಿಮ ಎತ್ತುತ್ತಲೇ ರೋಲಿಗೆ ನಗುನಗುತ್ತ ಕೈಬೀಸುತ್ತಾನೆ. ಇಂಥ ಊರಿನಲ್ಲಿ ಇವತ್ತು ಚಳಿ ಜಾಸ್ತಿ ಎಂದರೂ ಜನ ಅದರ ಹಿಂದೆ ಏನಿದೆ ಎಂದು ಕೆದಕುತ್ತಾರೆ.

"ಇದು ಯಾರ ವಿಷ್ಯ, ಆರ್ವಿಲ್?" ರೋಲಿ ಮೆಲ್ಲಗೆ ಕೇಳಿದ.

"ಯಾರದೂ ಅಲ್ಲಪ್ಪ, ಆಟದ್ದು."

"ಅಲ್ಲ, ಸುಮ್ನೆ ಕೇಳ್ದೆ."

"ಎರಡನೇದು. ಎದುರಿಗೆ ನಕ್ಕು ಬೆನ್ನ ಹಿಂದೆ ಆಡ್ಕೊಳ್ಳೋದು."

ಡಾರ್ಲಾಳ ಮುಖ ಕೆಂಪಾಯಿತು. "ಅಂಗಡೀಲಿ ಯಾರೋ ನಿನ್ನ ಕಿವಿ ಊದಿದಾರೆ. ರೋಲಿ, ನೀನೇನಾದ್ರೂ ಬಾಯಿಬಿಟ್ಯಾ?"

"ನಾನ್ಯಾಕೆ ಬಿಡ್ಲಿ? ನನ್ನ ಗ್ಯಾರೇಜಲ್ಲಿ ಏನಿದೆ ಅಂತ ಇವನಿಗೆ ನೆನಪಿಸಿದ್ದು ನೀನೇ ಇರ್ಬೇಕು."

"ನನ್ನ ಗಂಡನ ತಲೇಲಿ ಇಷ್ಟೆಲ್ಲ ಓಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು ಮಾರ್ಲಿಸ್, ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಬಿಸಿ ಬಿಸಿ ಹಾಟ್‌ಡಿಶ್ ಮೇಜಿನ ಮೇಲಿಡುತ್ತ. "ಮೂರನೇದು ಓದು, ನಂದಿರ್ಬೇಕು."

ಮೂರನೆಯದು ಮಾತು ಕೊಟ್ಟು ಮರೆಯುವುದು. ಅತ್ತೆಯನ್ನು ನೋಡಿ ಬರುತ್ತೇನೆಂದು ಮಾರ್ಲಿಸ್ ಹೇಳುತ್ತಲೇ ಬಂದಿದ್ದಳು, ಹೋಗಿರಲಿಲ್ಲ. ಅವಳು ಹಾಟ್‌ಡಿಶ್ ಎತ್ತಿಕೊಂಡು ವಾಪಸ್ ಅಡುಗೆಮನೆಗೆ ಹೋದಳು. ರೋಲಿ ಕೋಟು ಹಾಕಿಕೊಂಡ, ಡಾರ್ಲಾ ಟೋಪಿ ಹುಡುಕಿದಳು. ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಆಡುವವರೇ ಇಲ್ಲದೆ ಆಟ ತೋರಿಸುವುದೆಲ್ಲಿ ಬಂತು?

ಆರ್ವಿಲ್ ಬಾಗಿಲಿಗೆ ಅಡ್ಡ ನಿಂತ. "ನಿಲ್ರಪ್ಪ. ನಿಜ ಹೇಳ್ತೀನಿ. ಇವೆಲ್ಲ ನನ್ನವೇ. ನನ್ನನ್ನ ನೋಡ್ಕೊಂಡೇ ಬರೆದಿದ್ದು."

ಮೂವರ ಮುಖವೂ ಒಟ್ಟಿಗೇ ಅರಳಿತು. "ನಂಗೆ ಮೊದಲೇ ಅನುಮಾನ ಇತ್ತು," ಎಂದಳು ಡಾರ್ಲಾ. "ನಿನ್ನ ಹತ್ರ ಹೇಗೆ ಹೇಳೋದು ಅಂತಿದ್ದೆ," ಎಂದ ರೋಲಿ. ಹಾಟ್‌ಡಿಶ್ ಮೇಜಿಗೆ ವಾಪಸ್ ಬಂತು. ಇಷ್ಟು ಬೇಗ ಒಪ್ಪಿಬಿಟ್ಟರಲ್ಲ ಎಂದು ಆರ್ವಿಲ್‌ಗೆ ಒಳಗೊಳಗೇ ಬೇಜಾರಾಯಿತು. ಆದರೂ ನಗುತ್ತ ಬಾಗಿಲು ತೆಗೆದ.

ಆಟ ಮಾತ್ರ ರಂಗೇರಿತು. ವೀರ ಮಾಟಗಾತಿಯ ಒಂಟೆ ಎರವಲು ಪಡೆದು ವಾಪಸ್ ಕೊಡಲೊಲ್ಲೆ ಎಂದ, ಮಾಟಗಾತಿ ಊರೆಲ್ಲ ಅವನ ಮೇಲೆ ಚಾಡಿ ಹೇಳಿದಳು. ಯಾರನ್ನು ನಂಬುವುದು, ಯಾರನ್ನು ಬಿಡುವುದು ತಿಳಿಯದೆ ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲೇ ನೋಡಿದರು. ಮಿಸೆಸ್ ಕ್ವಿಗ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ನಾನಿದನ್ನ ಅಚ್ಚು ಹಾಕಿಸ್ತೀನಿ," ಎಂದಳು. "ಇಷ್ಟು ನಿಜ ಅನ್ನಿಸೋ ದೌರ್ಬಲ್ಯ ಎಲ್ಲಿಂದ ತಂದ್ರಿ?"

ಆರ್ವಿಲ್ ಬಾಯಿ ತೆರೆಯುವ ಮೊದಲೇ ಡಾರ್ಲಾ ಹೇಳಿದಳು: "ಎಲ್ಲಾ ಅವನವೇ, ಮೇಡಂ. ಅವನ ಬಾಯಿಂದಲೇ ಕೇಳಿದ್ವಿ."

"ಒಂದೂ ಮುಚ್ಚಿಡ್ಲಿಲ್ಲ, ಪಾಪ," ಎಂದ ರೋಲಿ.

ಮಿಸೆಸ್ ಕ್ವಿಗ್ಲಿ ಹೊರತೆಗೆದ ಪೆನ್ನು ಹಾಗೇ ಚೀಲದೊಳಗೆ ಹೋಯಿತು. "ತಗೊಂಡಿದ್ದು ಕೊಡಲ್ಲ, ಕೊಟ್ಟ ಮಾತು ಮರೀತೀರಿ, ಬೆನ್ನ ಹಿಂದೆ ಆಡ್ಕೊಳ್ತೀರಿ. ನಿಮ್ಮ ಜೊತೆ ಒಪ್ಪಂದ ಅಂದ್ರೆ ನಂಗೆ ಸ್ವಲ್ಪ ಯೋಚನೆ ಆಗುತ್ತೆ, ಮಿಸ್ಟರ್ ಟೆಸ್ಮರ್."

"ಅಯ್ಯೋ, ಅವು ನನ್ನವಲ್ಲ ಮೇಡಂ. ಇವರು ಎದ್ದು ಹೋಗ್ತಾರಲ್ಲ ಅಂತ ಸುಳ್ಳು ಹೇಳ್ದೆ."

"ಓ, ಅದೂ ಇದೆಯಾ?" ಎಂದಳು ಆಕೆ. ಕೈಗವಸು ಹಾಕಿಕೊಂಡು, ಊಟ ಬಹಳ ಚೆನ್ನಾಗಿತ್ತೆಂದು ಮಾರ್ಲಿಸ್‌ಗೆ ಹೇಳಿ, ಕಾರು ಹತ್ತಿ ಹೊರಟುಹೋದಳು.

ಕಾರು ತಿರುವಿನಲ್ಲಿ ಮರೆಯಾಗುವ ತನಕ ಆರ್ವಿಲ್ ಬಾಗಿಲಲ್ಲೇ ನಿಂತಿದ್ದ. ಗೆಳೆಯರಾದರೂ ನಾಲ್ಕು ಸಮಾಧಾನದ ಮಾತು ಆಡಿಯಾರು ಎಂದು ತಿರುಗಿದ.

ಮೂವರೂ ಕುರ್ಚಿಗಳನ್ನು ಅವನ ಕಡೆಗೆ ತಿರುಗಿಸಿಕೊಂಡು ಕೂತಿದ್ದರು.

"ಬಾ, ಕೂತ್ಕೋ," ಎಂದಳು ಮಾರ್ಲಿಸ್. "ನಿನ್ನವಲ್ಲ ಅಂದ್ಯಲ್ಲ. ಮತ್ತೆ ಯಾರವು?"