ನಮ್ಮ ಬೀದಿಯ ಎಂಟು ಮನೆಗಳ ಸುಖದ ರ‍್ಯಾಂಕು

ಮೂವತ್ತೈದು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದ ಕೈ ನನ್ನದು. ನಿವೃತ್ತಿಯಾದ ಮೇಲೆ ಆ ಕೈಗೆ ಕೆಲಸವಿಲ್ಲದೆ ನವೆ ಹತ್ತಿತ್ತು. ಹೀಗಿರುವಾಗ ಒಂದು ಬೆಳಗ್ಗೆ ಪೇಪರಿನಲ್ಲಿ ಓದುತ್ತೇನೆ, ಪ್ರಪಂಚದ ದೇಶಗಳನ್ನೆಲ್ಲ ಸುಖ-ಸಮೃದ್ಧಿಯ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟಿದ್ದಾರೆ! ಮುಂದೆ ನಿಂತಿರುವುದು ಚಳಿಗಾಲದಲ್ಲಿ ಸೂರ್ಯನ ಮುಖವೇ ಸರಿಯಾಗಿ ಕಾಣದ ಒಂದು ಹಿಮದ ದೇಶ. ನಮ್ಮ ದೇಶವನ್ನು ಹುಡುಕುತ್ತ ಹುಡುಕುತ್ತ ನನ್ನ ಕಾಫಿ ಆರಿಹೋಯಿತು.

"ಜಯಾ, ನೋಡಿಲ್ಲಿ! ನಾವು ಸುಖವಾಗಿಲ್ಲವಂತೆ!" ಎಂದು ಕೂಗಿದೆ.

ನನ್ನ ಹೆಂಡತಿ ಜಯಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳದ ಮನೆಗೆ ಹೋಗುತ್ತಿದ್ದಳು. "ಅದುನ್ನ ಹೇಳಕ್ಕೆ ಪೇಪರ್ ಬೇಕಾ? ಬಂದು ಈ ಹೊರೆ ಇಳ್ಸಿ" ಅಂದಳು.

ನಮ್ಮದು ಅಕ್ಕೂರಿನ ಕಡೆಯ ಊರು. ಆಗ ನಮ್ಮ ರೇಷ್ಮೆಹುಳಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದು ಬಕಾಸುರನ ಹಾಗೆ ಮೇಯುತ್ತಿದ್ದವು. ಇನ್ನು ಮೂರ್ನಾಲ್ಕು ದಿನದಲ್ಲಿ ಹಣ್ಣಾಗಿ ಗೂಡಿಗೆ ಸಿದ್ಧವಾಗಬೇಕು. ಹಣ್ಣಾದ ಹುಳವನ್ನು ಅವತ್ತೇ ಆಯ್ದು ಚಂದ್ರಂಕಿಗೆ, ಅಂದರೆ ಅವು ಗೂಡು ಕಟ್ಟುವ ಬಿದಿರು ತಟ್ಟೆಗೆ, ಬಿಡಬೇಕು. ತಡವಾದರೆ ಕಂಡಕಂಡಲ್ಲಿ ನೂಲು ಬಿಟ್ಟು ಕೆಟ್ಟುಹೋಗುತ್ತವೆ, ತಿಂಗಳ ದುಡಿಮೆ ಮಣ್ಣುಪಾಲು. ಇಬ್ಬರ ಕೈಲಿ ಆಗುವ ಕೆಲಸವಲ್ಲ. ಅದಕ್ಕೇ ನಮ್ಮ ಬೀದಿಯ ಎಂಟು ಮನೆಯವರೂ ಮುಯ್ಯಾಳು ಹೋಗುತ್ತೇವೆ. ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು. "ಈ ಬೆಳೆ ಕೈಗೆ ಬಂದ್ರೆ ಹುಳದ ಮನೆಗೆ ಹೊಸ ಶೀಟು ಹಾಕ್ಸದೇಯ" ಎಂದು ಜಯಮ್ಮ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ನಾನು ಮೂರು ಸಲವೂ ತಲೆಯಾಡಿಸುತ್ತಿದ್ದೆ. ತಲೆಯೊಳಗೆ ಮಾತ್ರ ಬೇರೆಯೇ ಹುಳ ಹೊಕ್ಕಿತ್ತು.

ದೇಶದೇಶಕ್ಕೇ ರ‍್ಯಾಂಕು ಕೊಡಬಹುದಾದರೆ ನಮ್ಮ ಬೀದಿಗೆ ಯಾಕೆ ಕೊಡಬಾರದು?

ಕೆಂಪು ಪೆನ್ನು, ಉದ್ದನೆಯ ನೋಟ್‌ಬುಕ್ಕು ಹಿಡಿದು ಹೊರಟೆ. ಪೇಪರಿನಲ್ಲಿದ್ದ ಪ್ರಶ್ನೆಯನ್ನೇ ಕೇಳುವುದೆಂದು ತೀರ್ಮಾನಿಸಿದ್ದೆ. ಹತ್ತು ಮೆಟ್ಟಿಲಿನ ಒಂದು ಏಣಿ ಇದೆ ಎಂದುಕೊಳ್ಳಿ, ಮೇಲಿನದು ಪರಮಸುಖ, ಕೆಳಗಿನದು ಪರಮದುಃಖ. ತಾವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ?

ಮೊದಲು ಎದುರುಮನೆ ಕೆಂಪಮ್ಮ. "ಅಯ್ಯೋ ಮೇಷ್ಟ್ರೇ, ಈ ಮಂಡಿ ಇಟ್ಕಂಡು ನಾನು ಏಣಿ ಹತ್ತದಾ? ಸೊನ್ನೆ ಬರ್ಕಳಿ" ಅಂದಳು.

"ನಿಜವಾದ ಏಣಿಯಲ್ಲಮ್ಮ, ಮನಸ್ಸಿನ ಏಣಿ!"

"ಮನ್ಸಿಗೂ ವಯಸ್ಸಾಗದೆ ಕನಿ."

ಸೊನ್ನೆ ಬರೆದುಕೊಂಡೆ.

ಆಮೇಲೆ ನಿಂಗೇಗೌಡರ ಮನೆ. ಎರಡು ಅಂತಸ್ತು, ಟ್ರ್ಯಾಕ್ಟರು, ಸೀಮೆಹಸು ನಾಲ್ಕು. ಬಾಳೆಎಲೆಯ ಮೇಲೆ ಕೋಳಿಸಾರು ಸುರಿಸಿಕೊಂಡು ಊಟಕ್ಕೆ ಕೂತಿದ್ದರು. "ಏನೋ ದ್ಯಾವ್ರು ಮಡಗ್ದಂಗೆ ಐತೆ ಮೇಷ್ಟ್ರೇ. ಕಷ್ಟಾನೇಯ. ಒಂದ್ನೇ ಮೆಟ್ಲು ಅಂತ ಬರ್ಕಳಿ" ಎಂದು ಮೂಳೆ ಚೀಪಿದರು.

ಅಣ್ಣತಮ್ಮಂದಿರಾದ ಶಿವಲಿಂಗ, ಮರಿಲಿಂಗರ ಮನೆಗಳ ನಡುವೆ ಒಂದೇ ಗೋಡೆ. ಅಣ್ಣ "ತಮ್ಮ ಏನಂದ?" ಎಂದು ಕೇಳಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿದ. ತಮ್ಮ ಕಿಟಕಿಯಿಂದ ಕೇಳಿಸಿಕೊಂಡು ತಾನೂ ಇಳಿದ. ಇಬ್ಬರೂ ನೆಲದೊಳಗೆ ಹೋಗುವ ಮೊದಲು ನಾನು ನೋಟ್‌ಬುಕ್ಕು ಮುಚ್ಚಿದೆ.

ಇಡೀ ಬೀದಿಯೇ ಫೇಲು! ಸುಖವಾಗಿದ್ದೇವೆ ಎಂದು ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆಂದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತಿರಬೇಕಿತ್ತು. ಆದರೆ ನನ್ನೊಳಗಿನ ಮೇಷ್ಟ್ರು ಸುಮ್ಮನಿರಬೇಕಲ್ಲ! ಫೇಲಾದವರಿಗೆ ಗ್ರೇಸ್ ಮಾರ್ಕ್ಸ್ ಹಾಕಿದೆ. ಕೋಳಿಸಾರಿಗೆ ಮೂರು, ಟ್ರ್ಯಾಕ್ಟರಿಗೆ ಎರಡು, ಮನೆಯೊಳಗಿಂದ ನಗು ಕೇಳಿದರೆ ಎರಡು, ಜಗಳ ಕೇಳಿದರೆ ಕಳೆ ಒಂದು. ನಿಂಗೇಗೌಡರು ಪ್ರಥಮ! ನಮ್ಮ ಮನೆಗೆ ವಿನಯದಿಂದ ಎರಡನೇ ಸ್ಥಾನ ಕೊಟ್ಟುಕೊಂಡೆ. ಶಿವಲಿಂಗ ನಾಲ್ಕು, ಮರಿಲಿಂಗ ಐದು. ಕೆಂಪಮ್ಮ ಕೊನೆ. ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬಣ್ಣದ ಸ್ಕೆಚ್ ಪೆನ್ನಿನಿಂದ ಬರೆದು, ಕೆಳಗೆ "ಸಿದ್ಧಪಡಿಸಿದವರು" ಎಂದು ಸಹಿ ಹಾಕಿ, ಹಾಲಿನ ಡೈರಿಯ ಗೋಡೆಗೆ ಅಂಟಿಸಿ ಬಂದೆ. ಅವತ್ತು ರಾತ್ರಿ ನನಗೆ ಸೊಗಸಾದ ನಿದ್ದೆ.

ಬೆಳಗ್ಗೆ ಮೊದಲು ಬಂದವರು ಪ್ರಥಮ ಸ್ಥಾನದವರೇ.

"ಮೇಷ್ಟ್ರೇ, ಏನ್ ಮಾಡ್ಬುಟ್ರಿ! ಸಮೃದ್ಧಿ ಗಿಮೃದ್ಧಿ ಅಂತ ಗ್ವಾಡೆ ಮೇಲೆ ಬರ್ದಿದ್ದೀರಲ್ಲ, ನನ್ ಬಿಪಿಎಲ್ ಕಾರ್ಡು ಗತಿ ಏನು? ಅದೂ ಸಾಲ್ದು ಅಂತ ಬೆಳಗ್ಗೆ ಹಸ ಒದ್ದು ಹಾಲೆಲ್ಲ ಚೆಲ್ಬುಡ್ತು. ಇಡೀ ಊರ್ನ ಕಣ್ಣು ನನ್ ಕೊಟ್ಗೆ ಮ್ಯಾಲೆ!"

ಅವರ ಹಿಂದೆಯೇ ಕೆಂಪಮ್ಮ. "ಭಾನ್ವಾರ ನನ್ ಮಗಳ್ನ ನೋಡಕ್ಕೆ ಗಂಡಿನ ಕಡೇರು ಬತ್ತಾವ್ರೆ. ಬೀದಿಗೇ ಕೊನೇ ಮನೆ ಹೆಣ್ಣು ಅಂತ ಅವ್ರು ಓದ್ಕಂಡು ಬರ್ಲಿ ಅಂತ ಬರುದ್ರಾ?"

"ಸೊನ್ನೆ ಕೊಟ್ಟುಕೊಂಡವರು ನೀವೇ ತಾನೇ?" ಎಂದೆ.

"ನಾನು ಅಂದ್ಕಬೋದು. ನೀವು ಬರೀಬೋದಾ?"

ಅಷ್ಟರಲ್ಲಿ ಹೊರಗೆ ಮರಿಲಿಂಗ, "ಅವನಿಗಿಂತ ನಾನು ಯಾವುದ್ರಲ್ಲಿ ಕಮ್ಮಿ?" ಎಂದು ಅರಚುತ್ತಿದ್ದ. ಶಿವಲಿಂಗ, "ನಾಕನೇ ನಂಬರ್ ಕಣ್ಲಾ, ಒಸಿ ಮರ್ವಾದೆ ಕೊಟ್ಟು ಮಾತಾಡ್ಲಾ" ಎನ್ನುತ್ತಿದ್ದ. ಹತ್ತು ನಿಮಿಷದಲ್ಲಿ ನಡುಗೋಡೆಯನ್ನು ಇನ್ನೆರಡು ಅಡಿ ಎತ್ತರಿಸುವ ಮಾತಾಯಿತು. ಬೀದಿಯಲ್ಲಿ ಯಾರೂ ನನ್ನೊಡನೆ ಮಾತಾಡದ ಹಾಗಾಯಿತು. ಅದನ್ನಾದರೂ ಸಹಿಸಬಹುದಿತ್ತು.

ಎರಡನೇ ದಿನ ಬೆಳಗ್ಗೆ ಹುಳ ಹಣ್ಣಾದವು!

ಜೇನಿನ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ಎಲ್ಲವೂ ಒಟ್ಟಿಗೇ ತಲೆಯೆತ್ತಿ ತಡಕಾಡತೊಡಗಿದವು. ಜಯಮ್ಮ ಮನೆಮನೆಗೆ ಹೋಗಿ ಕರೆದಳು. ಒಬ್ಬರಿಗೆ ತಲೆನೋವು. ಒಬ್ಬರಿಗೆ ಚನ್ನಪಟ್ಟಣದಲ್ಲಿ ಕೆಲಸ. ಕೆಂಪಮ್ಮ ಬಾಗಿಲನ್ನೇ ತೆಗೆಯಲಿಲ್ಲ. ಬರಿಗೈಲಿ ಹಿಂದಿರುಗಿ ಬಂದು ಹುಳದ ಮನೆಯ ಬಾಗಿಲಲ್ಲಿ ನಿಂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಕಣ್ಣಲ್ಲಿ ನೀರಿತ್ತು. ನಿಜವಾಗಿ ಹೆದರಿಬಿಟ್ಟೆ.

ಸೆರಗಿನಿಂದ ಮುಖ ಒರೆಸಿಕೊಂಡು ಜಯಮ್ಮ ನೇರ ಡೈರಿಗೆ ನಡೆದಳು. ನಾನು ಹಿಂದೆ ಓಡಿದೆ. ಹಾಲು ಹಾಕಲು ಇಡೀ ಬೀದಿ ಕ್ಯಾನು ಹಿಡಿದು ನಿಂತಿತ್ತು. ಗೋಡೆಯ ಪಟ್ಟಿಯನ್ನು ಪರ‍್ರನೆ ಕಿತ್ತು ಎಲ್ಲರ ಮುಂದೆ ಹಿಡಿದಳು.

"ಇವ್ರು ನಮ್ಮನೆಗೆ ಎರಡ್ನೇ ನಂಬರ್ ಹಾಕ್ಕಂಡವ್ರೆ. ನನ್ನ ಒಂದು ಮಾತು ಕೇಳಿಲ್ಲ. ಇಷ್ಟು ವರ್ಸದಿಂದ ಈ ಮನುಸನ್ ಜೊತೆ ಸಂಸಾರ ಮಾಡ್ತಾ ಇವ್ನಿ. ಈಗ ನೀವೇ ನ್ಯಾಯ ಹೇಳಿ. ನಮ್ಮನೆ ಎಷ್ಟ್ನೇದು?"

ಒಂದು ಗಳಿಗೆ ಎಲ್ಲರೂ ನನ್ನನ್ನು ನೋಡಿದರು.

"ಕೊನೇದು ಕನವ್ವಾ!" ಅಂದಳು ಕೆಂಪಮ್ಮ.

"ಕೊನೇದೇಯ!" ಅಂದರು ನಿಂಗೇಗೌಡರು. ಶಿವಲಿಂಗ, ಮರಿಲಿಂಗ ಇಬ್ಬರೂ ಒಂದೇ ದನಿಯಲ್ಲಿ ಅನುಮೋದಿಸಿದರು. ನನ್ನ ಸಮೀಕ್ಷೆಯಲ್ಲಿ ಸರ್ವಾನುಮತದಿಂದ ಬಂದ ಫಲಿತಾಂಶ ಇದೊಂದೇ!

"ಪಾಪ ಜಯಕ್ಕ, ಏಗ್ತಾ ಅವ್ಳೆ. ನಡೀರಿ, ಹುಳ ಆಯನ" ಎಂದು ಕೆಂಪಮ್ಮ ಮಂಡಿನೋವು ಮರೆತು ಮುಂದೆ ಹೊರಟಳು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಹುಳದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈ ಹುಳ ಆಯುತ್ತಿತ್ತು, ಬಾಯಿ ನನ್ನನ್ನು ಆಯ್ದು ಆಯ್ದು ಆಡಿಕೊಳ್ಳುತ್ತಿತ್ತು. ಜಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದನ್ನು ನೋಡಿ ನನ್ನ ಮನಸ್ಸು ತುಂಬಿ ಬಂತು. "ನೋಡಿ, ಈಗ ನಮ್ಮ ಮನೆ ಎಷ್ಟು ಸುಖ..." ಎಂದು ಬಾಯಿ ತೆರೆದೆ.

"ಬಾಯ್ ಮುಚ್ಚಿ ಮೇಷ್ಟ್ರೇ!" ಇಡೀ ಬೀದಿ ಒಟ್ಟಿಗೆ ಕಿರುಚಿತು.

ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಜಯಮ್ಮನ ಪಕ್ಕ ಹೋಗಿ ಪಿಸುಗುಟ್ಟಿದೆ: "ನಿನ್ನ ಕೇಳಲೇ ಇಲ್ಲ, ತಪ್ಪಾಯಿತು. ಏಣಿಯಲ್ಲಿ ನೀನು ಎಷ್ಟನೇ ಮೆಟ್ಟಿಲು?"

"ಮೇಲೆ ಹತ್ತಿರೋರು ನೀವು. ನಾನು ಕೆಳಗೆ ಏಣಿ ಹಿಡ್ಕಂಡಿರೋಳು" ಅಂದಳು, ಹುಳದಿಂದ ಕಣ್ಣು ತೆಗೆಯದೆ. "ಈಗ ಇಳ್ದು ಬಂದು ಆ ಚಂದ್ರಂಕಿ ಕೆಳಕ್ಕೆ ಪೇಪರ್ ಹಾಸಿ."

ಇಳಿದು ಬಂದೆ. ಹುಳಗಳು ಗೂಡು ಕಟ್ಟುವ ಮೊದಲು ಒಂದು ಸಲ ಉಚ್ಚೆ ಹೊಯ್ದು ಹಗುರಾಗುತ್ತವೆ, ಅದಕ್ಕೆ ಕೆಳಗೆ ಕಾಗದ ಹಾಸುವುದು ವಾಡಿಕೆ. ಅವಳು ಕೈಗೆ ಕೊಟ್ಟ ಕಾಗದ ದಪ್ಪಗಿತ್ತು, ಬಣ್ಣಬಣ್ಣವಾಗಿತ್ತು, ಎಲ್ಲೋ ನೋಡಿದ ಅಕ್ಷರ. ಹಾಸಿದೆ. ಮೊದಲ ಹನಿ ಸರಿಯಾಗಿ "ಸಿದ್ಧಪಡಿಸಿದವರು" ಎಂಬಲ್ಲಿ ನನ್ನ ಸಹಿಯ ಮೇಲೆ ಬಿತ್ತು.