ಬೀಗರು ವಕೀಲರನ್ನು ಆರಿಸಿದ್ದು

ನಮ್ಮ ಬೀಗರು ವಕೀಲರನ್ನು ಆರಿಸುವುದನ್ನು ನೋಡಿದ ಮೇಲೆ ನನಗೊಂದು ಅನುಮಾನ ಬಂದಿದೆ. ಮಗನಿಗೆ ಹೆಣ್ಣು ಆರಿಸುವ ದಿನ ಈ ಮನುಷ್ಯ ನಿದ್ದೆಯಲ್ಲಿದ್ದರೋ ಏನೋ! ಆ ಹೆಣ್ಣು ನನ್ನ ಮಗಳು. ಗದಗದಿಂದ ಉಡುಪಿಯ ನಮ್ಮ ಮನೆಗೆ ಬಂದು, ತಟ್ಟೆಯ ಗೋಳಿಬಜೆ ತಣಿಯುವ ಮೊದಲೇ "ನಮಗ ಒಪ್ಪಿಗಿ ಐತ್ರಿ" ಎಂದು ಎದ್ದವರು ಇವರು. ಹುಡುಗಿಗೆ ಅಡಿಗೆ ಬರುತ್ತದೆಯೇ, ಸಿಟ್ಟು ಎಷ್ಟು, ಒಂದನ್ನೂ ಕೇಳಲಿಲ್ಲ. ಕೇಳಿದ್ದರೆ ಮದುವೆಯೇ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಅಂಥವರು ಒಬ್ಬ ವಕೀಲನನ್ನು ಹುಡುಕಲು ಎರಡು ವಾರ ತೆಗೆದುಕೊಂಡರು. ಅದೂ ಎಲ್ಲಿ? ಮನೆ ಕೊಳ್ಳಲು ವಕೀಲರೇ ಬೇಡದ ಊರಿನಲ್ಲಿ!

ವಿಷಯ ಇಷ್ಟು. ಮಗಳು, ಅಳಿಯ ಹನ್ನೊಂದು ವರ್ಷದಿಂದ ಈ ಪರದೇಶದಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ನನ್ನವರು ಹೋದರು, ಬೀಗಿತ್ತಿಯೂ ಹೋದರು. ಉಳಿದ ನಾವಿಬ್ಬರು ಇವರ ಜೊತೆ ಸೇರಿಕೊಂಡೆವು. ಬೀಗರಿಗೆ ಹಾಲ್‌ನ ಸೋಫಾ, ನನಗೆ ಮೊಮ್ಮಗಳ ಕೋಣೆಯಲ್ಲಿ ಅರ್ಧ ಮಂಚ. ಸ್ವಂತ ಮನೆ ಬೇಕೆಂದು ಮಕ್ಕಳು ಹುಡುಕದ ಬೀದಿಯಿಲ್ಲ. ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಸವೆದವೇ ಹೊರತು ಮನೆ ಸಿಗಲಿಲ್ಲ. ಇಷ್ಟವಾದದ್ದೆಲ್ಲ ಹೆಚ್ಚು ಕೊಡುವವರ ಪಾಲಾಗುತ್ತಿತ್ತು. ಐದು ಮನೆ ಹೀಗೆ ತಪ್ಪಿ, ಆರನೆಯದು, ಸ್ಯಾನ್ ಮಟಿಯೋದಲ್ಲಿ, ಕೊನೆಗೂ ಗಟ್ಟಿಯಾಯಿತು. ಮೊದಲ ಕಂತಿಗೆ ಹಣ ಸಾಲದೆ ಬಂದಾಗ ನಾನು ಉಡುಪಿಯ ಮನೆ ಮಾರಿ ಬಂದ ಹಣವನ್ನು ಮಗಳಿಗೆ ಕೊಟ್ಟೆ. ಹೊಗಳಿಸಿಕೊಳ್ಳಲು ಹೇಳುತ್ತಿಲ್ಲ. ಬೀಗ ಹಾಕಿದ ಮನೆಯನ್ನು ಗೆದ್ದಲಿಗೆ ಬಿಡುವುದಕ್ಕಿಂತ ಮಗಳಿಗೆ ಕೊಡುವುದು ವಾಸಿ.

ಸಾಲ ಕೊಡುವ ಬ್ಯಾಂಕಿನವರು ಅದಕ್ಕೆ ನನ್ನ ಸಹಿ ಇರುವ ಒಂದು ಕಾಗದ ಕೇಳಿದರು. ಎರಡು ವಾರದ ನಂತರದ ಶುಕ್ರವಾರದೊಳಗೆ ಅದು ಹೋಗದಿದ್ದರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಆರನೆಯ ಮನೆಯೂ ಇಲ್ಲ. ಮಾರುವವರಿಗೆ ಬೇರೆ ಗಿರಾಕಿ ಬಾಗಿಲಲ್ಲೇ ನಿಂತಿದ್ದ.

"ಅಮ್ಮಾ, ಇಲ್ಲೊಂದು ಸೈನ್ ಹಾಕು. ಏನಿಲ್ಲ, ಫಾರ್ಮಾಲಿಟಿ ಅಷ್ಟೆ," ಎಂದು ಮಗಳು ಪೆನ್ನು ಕೊಟ್ಟಳು. ನಾನು ನಾಲ್ಕನೇ ಕ್ಲಾಸಿನವಳು. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಹಾಲಿನ ಕ್ಯಾನಿನ ಮೇಲಿನ ತಾರೀಕು ಮಾತ್ರ. ಪೆನ್ನಿನ ಮುಚ್ಚಳ ತೆಗೆದಿದ್ದೆ, ಅಷ್ಟರಲ್ಲಿ ಸೋಫಾದಿಂದ ಒಂದು ಕೈ ಬಂದು ಕಾಗದದ ಮೇಲೆ ಕೂತಿತು.

"ತಡೀರಿ ಅಕ್ಕಾರ. ಇದನ್ನ ಯಾರಾರ ನಿಮಗ ಓದಿ ಹೇಳ್ಯಾರೇನು?"

"ಇಲ್ಲ. ಎಂತಕ್ಕೆ?"

"ಹಂಗಾರ ಸಹಿ ಇಲ್ಲ. ಇದಕ್ಕ ವಕೀಲ ಬೇಕು."

ಬೀಗರು ಗದಗದಲ್ಲಿ ನೋಂದಣಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜೀವಮಾನವಿಡೀ ಊರವರ ಕ್ರಯಪತ್ರ ಬರೆದುಕೊಟ್ಟವರು. ಕಾಗದ ಕಂಡರೆ ಬೇರೆಯವರಿಗೆ ಬರವಣಿಗೆ ಕಾಣುತ್ತದೆ, ಇವರಿಗೆ ಹಳ್ಳ ಕಾಣುತ್ತದೆ!

"ಅಪ್ಪಾ, ಇಲ್ಲಿ ವಕೀಲರ ಪದ್ಧತಿನೇ ಇಲ್ಲ," ಎಂದ ಅಳಿಯ. "ಎಸ್ಕ್ರೋ ಅಂತ ಒಂದು ಕಂಪನಿ ಇರ್ತದ. ದುಡ್ಡು, ಕಾಗದ ಎರಡೂ ನಡುವ ನಿಂತು ಅವರೇ ನೋಡ್ಕೋತಾರ."

"ಅವರು ನೋಡ್ಕೊಂಡ್ರ ಅಕ್ಕಾರ ನೋಡಬಾರದಂತ ಏನು ಐತಿ?"

ಮಗಳು ತಾನೇ ಓದಿ ಹೇಳುತ್ತೇನೆ ಎಂದಳು. ಆಗದು! "ನಿನ್ನ ಹೆಸರಿಗೆ ಬರೂ ಆಸ್ತಿ ಕಾಗದ ನೀನ ಓದೂದೇನವ್ವಾ?" ಅಳಿಯ ಓದಬಹುದೇ? ಅವನಂತೂ ಆಗಲೇ ಆಗದು. ಹೊರಗಿನವನು ಬೇಕು, ವಕೀಲನಾಗಿರಬೇಕು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು. ಇಷ್ಟಕ್ಕೂ ಅದೇನು ಪುರಾಣವೇ? ಒಂದು ಹಾಳೆ!

ನೀನೇ ಸಹಿ ಹಾಕಿ ಮುಗಿಸಬಹುದಿತ್ತಲ್ಲ ಅನ್ನುತ್ತೀರಿ. ಹಾಕುತ್ತಿದ್ದೆ. ಕಾಗದ ಎಲ್ಲಿತ್ತು? ಬೀಗರ ಒಳಅಂಗಿಯ ಜೇಬಿನಲ್ಲಿ! ಮಗಳು ಇನ್ನೊಂದು ಪ್ರಿಂಟು ತೆಗೆದಳು, ಅದನ್ನೂ ಮಡಚಿ ಒಳಗಿಟ್ಟರು. ಮೂರನೆಯದನ್ನೂ. ಕೊನೆಗೆ ಪ್ರಿಂಟರಿನ ಶಾಯಿ ಮುಗಿಯಿತು, ಬೀಗರು ನಡೆದರೆ ಒಣಗಿದ ಬಾಳೆಲೆಯ ಹಾಗೆ ಸದ್ದು ಬರತೊಡಗಿತು.

ಮೊದಲ ವಕೀಲ ಮೆನ್ಲೋ ಪಾರ್ಕಿನವನು. ಗಾಜಿನ ಕೋಣೆ, ಮೇಜಿನ ಮೇಲೆ ಒಂದು ಕಾಗದದ ಚೂರೂ ಇಲ್ಲ. ಬೀಗರಿಗೆ ಅಲ್ಲೇ ಅಪಶಕುನ. ಓದಿ ಹೇಳುತ್ತೀರಾ ಎಂದು ಮಗನಿಂದ ಕೇಳಿಸಿದರು. ಸಾರಾಂಶವನ್ನು ಈಮೇಲಿನಲ್ಲಿ ಕಳಿಸುತ್ತೇನೆ ಎಂದನಂತೆ. "ಸಾರ ಅವನs ಕುಡದು ನಮಗ ಅಂಶ ಕಳಸ್ತಾನಂತ. ನಡೀರಿ," ಎಂದು ಬೀಗರು ಎದ್ದರು.

ಎರಡನೆಯವನು ಫೋನಿನ ಪರದೆಯಲ್ಲಿ ಬಂದ. ಓದಲು ಒಪ್ಪಿದ, ಓದಿದ ಕೂಡ. ಆದರೆ ಏನು ಓಟ! ಪೂಜೆ ಮುಗಿಸಿ ಇನ್ನೊಂದು ಮನೆಗೆ ಹೋಗಬೇಕಾದ ಭಟ್ಟರೂ ಅಷ್ಟು ಬೇಗ ಮಂತ್ರ ಹೇಳುವುದಿಲ್ಲ. ಬೀಗರು ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಬೆರಳಿಟ್ಟು ಹಿಂಬಾಲಿಸುತ್ತ ಬಂದವರು ನಡುವೆಯೇ ಹಿಡಿದರು. "ಒಂದು ಸಾಲು ಜಿಗದಾನ! ಜಿಗದಾನೋ ಇಲ್ಲೋ ಕೇಳು!" ಅಳಿಯ ಕೇಳಿದ. ಜಿಗಿದದ್ದು ನಿಜವೇ ಆಗಿತ್ತು. ಮುಖ್ಯವಲ್ಲದ ಸಾಲು ಎಂದನಂತೆ.

ಮೂರನೆಯವನು ನಮ್ಮವನೇ, ಕನ್ನಡದವನು. ನನಗೆ ಜೀವ ಬಂದ ಹಾಗಾಯಿತು. ಅರ್ಧ ಗಂಟೆ ಅಳಿಯನ ಜೊತೆ ಆಫೀಸು, ಷೇರು, ಶಾಲೆ ಎಲ್ಲ ಮಾತಾಡಿದ. ನನ್ನ ಕಡೆ ತಿರುಗಿದ್ದು ಒಂದೇ ಸಲ: "ಇದೆಲ್ಲ ನಿಮಗೆ ತಲೆಬಿಸಿ ಯಾಕಮ್ಮ? ಆರಾಮಾಗಿರಿ." ಬೀಗರು ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು.

"ಎಂತ ಮಾರಾಯ್ರೇ ನಿಮ್ಮದು!" ನಾನು ಕಾರಿನಲ್ಲಿ ಬೈದೆ. "ಅವ ಹೇಳಿದ್ದರಲ್ಲಿ ಎಂತ ತಪ್ಪು? ನನಗೆ ಆರಾಮವೇ ಬೇಕಾದ್ದು."

"ಆರಾಮ ಆಮ್ಯಾಲೆ ಮಾಡೂದು ಇದ್ದs ಐತ್ರಿ ಅಕ್ಕಾರ."

ಇಷ್ಟು ಸಾಲದೆಂದು ಒಂದು ಬೆಳಿಗ್ಗೆ ಡೈರಿ ಹಿಡಿದು ಹೊಸ ಮನೆಯ ಚೆಕ್ಕುಬಂದಿ ಬರೆಯಲು ಹೋದರು. ಪತ್ರ ಎಂದರೆ ನಾಲ್ಕು ದಿಕ್ಕಿಗೆ ಯಾರಿದ್ದಾರೆ ಎಂದು ಹೆಸರು ಬೇಡವೇ? ಪೂರ್ವಕ್ಕೆ ಫ್ರೀವೇ ಎಂಬ ಹೆದ್ದಾರಿ ಇತ್ತು, ಬರೆದುಕೊಂಡರು. ಪಶ್ಚಿಮಕ್ಕೆ ಎರಡು ನಾಯಿ ಸಾಕಿದ ಹೆಂಗಸು. ಬಾಗಿಲು ತಟ್ಟಿ ಹೆಸರು ಕೇಳಿದರು, ತಂದೆಯ ಹೆಸರೂ ಕೇಳಿದರು! ಆಕೆ ಗಾಬರಿಯಾಗಿ ಮಾರುವವರಿಗೆ ಫೋನು ಮಾಡಿದಳು. ಮಾರುವವರು ಏಜೆಂಟನಿಗೆ ಮಾಡಿದರು. ಏಜೆಂಟು ಮಗಳಿಗೆ ಮಾಡಿದ: ನಿಮಗೆ ಮನೆ ಬೇಕೋ ಬೇಡವೋ, ಬೇರೆಯವರು ಕಾಯುತ್ತಿದ್ದಾರೆ.

ಅವತ್ತು ಮಗಳು ಅಡಿಗೆಮನೆಯಲ್ಲಿ ಸೌಟು ಕುಕ್ಕಿದಳು. "ಅಮ್ಮಾ, ನಾಡಿದ್ದು ಶುಕ್ರವಾರ! ಈ ಮನೆನೂ ಹೋದ್ರೆ ನಾನಿನ್ನು ಹುಡುಕಲ್ಲ. ನಿಂಗೆ ನನ್ ಮೇಲೆ ನಂಬಿಕೆ ಇಲ್ವಾ? ನೀನಾದ್ರೂ ಮಾವಂಗೆ ಹೇಳ್ಬಾರ್ದಾ?"

"ನಂಬಿಕೆ ಉಂಟು. ನಿನ್ನ ಮಾವನ ಜೇಬಿಗೆ ಕೈ ಹಾಕುವ ಧೈರ್ಯ ಇಲ್ಲ."

ಅವಳು ನಗಲಿಲ್ಲ. ಒಗ್ಗರಣೆ ಸೀದಿತು. ಅವಳು ಅತ್ತದ್ದು ಹೊಗೆಗೋ ಮನೆಗೋ ನಾನು ಕೇಳಲಿಲ್ಲ. ಸೀದಾ ಹಾಲ್‌ಗೆ ಹೋಗಿ ಬೀಗರಿಗೆ ಹೇಳಿದೆ: "ನಾಳೆ ಒಬ್ಬರನ್ನು ನೋಡುವುದು. ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಹೆಬ್ಬೆಟ್ಟಾದರೂ ಒತ್ತುತ್ತೇನೆ."

ಬೀಗರ ಮುಖ ಬೂದಿಯ ಹಾಗಾಯಿತು. ಜೇಬಿನ ಕಾಗದದ ಮೇಲೆ ಅಂಗೈ ಒತ್ತಿಕೊಂಡರು.

ಗುರುವಾರ ಸರಟೋಗಾಕ್ಕೆ ಹೋದೆವು. ನಾಲ್ಕನೆಯವಳು ನನ್ನದೇ ವಯಸ್ಸಿನ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ಸಹಿ ಹಾಕುವವರು ಯಾರು ಎಂದು ಕೇಳಿದಳು. ಮಗಳು ನನ್ನನ್ನು ತೋರಿಸಿದಳು. ಆಕೆ ತನ್ನ ಕುರ್ಚಿಯನ್ನು ಎಳೆದು ನನ್ನ ಮುಂದೆ ಹಾಕಿ ಕೂತಳು. ಮತ್ತೆ ಏನೋ ಅಂದಳು. ಮಗಳು, ಅಳಿಯ ಮುಖ ಮುಖ ನೋಡಿಕೊಂಡರು.

"ಎಂತ ಹೇಳಿದಳು?"

"ನಾವಿಬ್ರೂ ಹೊರಗೆ ಹೋಗ್ಬೇಕಂತೆ ಅಮ್ಮ. ನಿನ್ ಹತ್ರ ಒಬ್ಬಳ ಹತ್ರಾನೇ ಮಾತಾಡ್ಬೇಕಂತೆ."

ಬೀಗರು ಎಲ್ಲರಿಗಿಂತ ಮೊದಲು ಎದ್ದರು. "ನಾನೂ ಹೊರಗ ಹೊಂಟೆ. ನಾನು ಹುಡುಗನ ಕಡ್ಯಾಂವ." ಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ಆಕೆಯ ಕೈಗೆ ಕೊಟ್ಟು ಹೋದರು. ಎರಡು ವಾರದಲ್ಲಿ ಅದು ಅವರ ಕೈ ಬಿಟ್ಟದ್ದು ಅದೇ ಮೊದಲು!

ಫೋನಿನಲ್ಲಿ ಕನ್ನಡ ಹೇಳುವ ಹುಡುಗಿಯೊಬ್ಬಳನ್ನು ಹಿಡಿದರು. ಎಲ್ಲಿಯವಳೋ ಏನೋ, ದನಿ ಮಾತ್ರ. ವಕೀಲಮ್ಮ ಒಂದು ಸಾಲು ಓದುವುದು, ಆ ಹುಡುಗಿ ಕನ್ನಡದಲ್ಲಿ ಹೇಳುವುದು, ವಕೀಲಮ್ಮ ನನ್ನ ಮುಖ ನೋಡುವುದು. ನಾನು ತಲೆಯಾಡಿಸಿದರೆ ಮುಂದಿನ ಸಾಲು. ಈ ಹಣ ಉಡುಗೊರೆ, ಸಾಲವಲ್ಲ. ಇದನ್ನು ನಾನು ಎಂದೂ ತಿರುಗಿ ಕೇಳುವಂತಿಲ್ಲ. ಈ ಹಣಕ್ಕಾಗಿ ಆ ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ.

ಇಷ್ಟೇ. ಹೊಸದೇನಲ್ಲ, ಹಾಗೆಯೇ ಕೊಟ್ಟವಳು ನಾನು. ಆದರೂ ಕಿವಿಯಲ್ಲಿ ಕೇಳಿದಾಗ ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದೆ.

ಕೊನೆಗೆ ಹುಡುಗಿ ಹೇಳಿದಳು: "ಅಮ್ಮ, ಇವ್ರು ಕೇಳ್ತಿದಾರೆ. ನಿಮಗೆ ಇಷ್ಟ ಇಲ್ಲಾಂದ್ರೆ ಬೇಡ ಅನ್ನಬಹುದು. ಹೊರಗಿರೋರಿಗೆ ಇವ್ರೇ ಹೇಳ್ತಾರಂತೆ, ನಿಮಗೆ ಯಾರೂ ಏನೂ ಅನ್ನೋ ಹಾಗಿಲ್ಲ."

ಬೇಡ ಅನ್ನಬಹುದು! ಮದುವೆಯಲ್ಲಿ ಕೇಳಿರಲಿಲ್ಲ, ಮನೆ ಮಾರುವಾಗ ಕೇಳಿರಲಿಲ್ಲ, ವಿಮಾನ ಹತ್ತಿಸುವಾಗಲೂ ಕೇಳಿರಲಿಲ್ಲ. ನಾನು ಕಾಗದವನ್ನು ಹತ್ತಿರ ಎಳೆದು, ಓದಲು ಬರದಿದ್ದರೂ ಸಾಲು ಸಾಲಾಗಿ ನೋಡಿದೆ. ಆಕೆ ಗಡಿಯಾರ ನೋಡಲಿಲ್ಲ. ಆಮೇಲೆ ಸಹಿ ಹಾಕಿದೆ, ಕನ್ನಡದಲ್ಲಿ, ತಪ್ಪಿಲ್ಲದೆ.

ಮಕ್ಕಳು ಕಾಗದವನ್ನು ಬ್ಯಾಂಕಿಗೆ ಕಳಿಸಿ, ವಕೀಲಮ್ಮನ ದುಡ್ಡು ಕಟ್ಟಲು ಒಳಗೆ ಹೋದರು. ಪಾರ್ಕಿಂಗಿನ ಕಟ್ಟೆಯ ಮೇಲೆ ಬೀಗರ ಪಕ್ಕ ಕೂತು ಹೇಳಿದೆ: "ನೋಡಿ, ನಾನು ಮೊದಲೇ ಹಾಕುತ್ತಿದ್ದ ಸಹಿಯನ್ನೇ ಈಗಲೂ ಹಾಕಿದ್ದು. ಇದಕ್ಕೆ ಇಷ್ಟು ರಾಮಾಯಣ ಯಾಕೆ ಬೇಕಿತ್ತು?"

ಅವರು ನೆಲ ನೋಡುತ್ತ ಹೇಳಿದರು. "ನಮ್ಮ ಅಪ್ಪ ಸತ್ತ ವರ್ಷರಿ. ಮನಿ ನಮ್ಮ ಅಣ್ಣತಮ್ಮರ ಹೆಸರಿಗೆ ಮಾಡ್ಕೋಬೇಕಿತ್ತು. ಅಕ್ಕನ ಹಕ್ಕುಬಿಡುಗಡೆ ಪತ್ರ ನಾನs ಬರದೆ. ಓದಿಸಿ ಕೇಳಿ ಒಪ್ಪಿದ್ದೇನೆ ಅಂತ ಕಡೀ ಸಾಲೂ ನಾನs ಬರದೆ. ಆದ್ರ ಆಕಿಗೆ ಓದಿ ಹೇಳಲಿಲ್ಲರಿ. ಕಚೇರಿ ಮುಚ್ಚೂ ಹೊತ್ತಾಗಿತ್ತು. ಹೆಬ್ಬಟ್ಟು ಹಿಡದು ಒತ್ತಿಸಿದೆ."

"ಓದಿದ್ದರೆ ಅವರು ಒತ್ತುತ್ತಿರಲಿಲ್ಲವೋ?"

"ಒತ್ತತಿದ್ದಳ್ರಿ. ನಕ್ಕೋತ ಒತ್ತತಿದ್ದಳು. ತಮ್ಮಗ ಇಲ್ಲ ಅಂತಿದ್ದಳೇನು? ಅದs ನನಗ ನುಂಗಾಕ ಆಗೂದಿಲ್ಲ."

"ಈಗೆಲ್ಲಿದ್ದಾರೆ?"

"ಹೋಗಿ ಭಾಳ ವರ್ಷ ಆತು."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬಂದರೂ ಅಂಥ ಕೆಲಸಕ್ಕೆ ಸಮಾಧಾನ ಹೇಳಬಾರದು.

"ಪತ್ರದಲ್ಲಿ ಎಂತ ಬರೆದಿದ್ದಿರಿ, ನೆನಪುಂಟಾ?"

"ಅಕ್ಷರ ಅಕ್ಷರ ನೆನಪೈತ್ರಿ."

"ಹಾಗಾದರೆ ಹೇಳಿ. ಜಿಗಿಯಬೇಡಿ, ನಿಧಾನ."

ಅವರು ಕಣ್ಣು ಮುಚ್ಚಿ ಶುರು ಮಾಡಿದರು. ತಂದೆಯ ಹೆಸರು, ಅಕ್ಕನ ಹೆಸರು, ಹಿತ್ತಲ ಬಾವಿ, ಕರಿಬೇವಿನ ಗಿಡ, ಪಡಸಾಲೆಯ ಎಂಟು ಕಂಬ. ಮಕ್ಕಳು ಬಂದು ಕಾರಿನ ಬಾಗಿಲು ತೆಗೆದರು. ನಾನು ಕೈಯೆತ್ತಿ ನಿಲ್ಲಿಸಿದೆ. 'ಓದಿಸಿ ಕೇಳಿ' ಎಂಬ ಕೊನೆಯ ಸಾಲಿಗೆ ಬಂದಾಗ ಬೀಗರ ದನಿ ನಿಂತಿತು.

"ಹೂಂ," ಎಂದೆ ನಾನು. "ಕೇಳಿದೆ."